ಸಾಕು ಅನ್ನದೆ ಬಂದವನು

“ಆ ವೀರಮ್ಮಾಳ್ ಕೈಲಿ ಏನ್ ಈಸ್ಕಂಡ್ರೂ ಹೊಸಲು ದಾಟೋ ಮುಂಚೆ ‘ಸಾಕು’ ಅಂದ್ಬಿಡ್ಬೇಕು ಮಾಪ್ಳೆ,” ಎಂದಳು ಪೊನ್ನುತಾಯಿ. “ಬಾಯಿ ಬಿಟ್ಟು ಹೇಳ್ಬೇಕು. ಮರ್ತು ಬಂದೀರಿ.”

ಗುರುಸಾಮಿ ಅತ್ತೆಯ ಮುಂದೆ ಬೀದಿಯಾಟದ ರಾಜನಂತೆ ಎದೆ ಸೆಟೆಸಿ ನಿಂತ. “ಅತ್ತೆ, ಈ ಗುರುಸಾಮಿ ಮುಂದೆ ಯಮ ಬಂದ್ರೂ ಮೊದ್ಲು ನಾಲಿಗೆ ಚಾಚಿ ತೋರಿಸ್ಬೇಕು. ಆಮೇಲೇ ಮಾತು.”

ಪೊನ್ನುತಾಯಿ ನಗಲಿಲ್ಲ. ತಮಿಳು ಸೀಮೆಯ ಈ ಕಣಿವೆಯಲ್ಲಿ ಕನ್ನಡ ಮಾತಾಡುವ ಒಕ್ಕಲು ಮನೆಗಳಲ್ಲಿ ಬಡಿಸುವ ಕೈ ತಾನಾಗಿ ನಿಲ್ಲುವುದಿಲ್ಲ. ಉಣ್ಣುವವನು ಸಾಕು ಎನ್ನುವವರೆಗೆ ಸಾರು ಬೀಳುತ್ತಲೇ ಇರುತ್ತದೆ. ಎಲೆಗೆ ಕೈ ಅಡ್ಡ ಹಿಡಿದರೂ ಕೈಯ ಮೇಲೇ ಬೀಳುತ್ತದೆ. ಕುರುಡಿ ವೀರಮ್ಮಾಳ್ ಹಾಕುವ ಮಂತ್ರವೂ ಹಾಗೆಯೇ ಎಂದು ಊರು ನಂಬಿತ್ತು. ಕೇಳಿದ್ದನ್ನು ಕೊಡುತ್ತಾಳೆ. ಸಾಕು ಎನ್ನುವವರೆಗೆ ಕೊಡುತ್ತಾಳೆ.

ಗುರುಸಾಮಿ ದಿಂಡಿಗಲ್ಲಿನಲ್ಲಿ ಒಬ್ಬ ಬಿಳಿ ದೊರೆ ಡಾಕ್ಟರನ ಬಳಿ ಗಾಯ ತೊಳೆದು ಕಟ್ಟುವ ಕೆಲಸದಲ್ಲಿದ್ದ. ಹೆಂಡತಿ ವಳ್ಳಿಯನ್ನು ಕರೆದೊಯ್ಯಲು ಬೋಡಿನಾಯಕನೂರಿನ ಬೆಟ್ಟದಡಿಯ ಈ ಊರಿಗೆ ಬಂದಿದ್ದ. ಈ ಸೀಮೆಯ ಎಲ್ಲ ಹೆಂಗಸರಂತೆ ವಳ್ಳಿಯ ಕಿವಿಯ ಹಾಲೆಗಳೂ ತಂಡಟ್ಟಿ ಎಂಬ ಕಿವಿಯೊಡವೆಯ ಚಿನ್ನದ ಭಾರಕ್ಕೆ ಭುಜದವರೆಗೆ ಜೋಲುತ್ತಿದ್ದವು. ದಿಂಡಿಗಲ್ಲಿನ ಪೇಟೆಯಲ್ಲಿ ಈಗ ಗಿಡ್ಡ ಕಿವಿ, ಸಣ್ಣ ಓಲೆ. “ನಂಗೂ ಹಂಗೇ ಮಾಡ್ಕೊಡಿ ಮಾಮ,” ಎಂದು ಅವಳೇ ಗಂಡನನ್ನು ಕೇಳಿದ್ದಳು. ದೊರೆ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದ ಧೈರ್ಯ ಅವನಿಗಿತ್ತು. ಎರಡೂ ಹಾಲೆಗಳ ಜೋಲುವ ಭಾಗ ಕತ್ತರಿಸಿ, ಸಣ್ಣ ಓಲೆಗೊಂದು ತೂತು ಉಳಿಸಿ, ಅಂಚನ್ನು ರೇಷ್ಮೆ ದಾರದಲ್ಲಿ ಹೊಲಿದ.

“ಗುರುತೇ ಇರಲ್ಲ ನೋಡು. ನಿಮ್ಮವ್ವನೇ ಬಂದು ಇವಳ್ಯಾರ ಮಗಳು ಅನ್ಬೇಕು.”

“ತಲೆ ಹಗುರಾಗಿ ಎತ್ಲಾಗೋ ಹಾರೋಯ್ತದೇನೋ ಅನ್ನಿಸ್ತೈತೆ,” ಎಂದು ವಳ್ಳಿ ನೋವಿನಲ್ಲೂ ನಕ್ಕಿದ್ದಳು.

ಆದರೆ ಗಾಯ ಒಣಗಲಿಲ್ಲ. ಆಡಿ ತಿಂಗಳ ಗಾಳಿ ಕಣಿವೆಯ ಬಾಯಿಂದ ನುಗ್ಗಿ ಹೊಲದ ಧೂಳನ್ನೆಲ್ಲ ಮನೆಯೊಳಗೆ ಸುರಿಯುತ್ತಿತ್ತು. ಬೆಳಗ್ಗೆ ಕಟ್ಟಿದ ಬಟ್ಟೆ ಮಧ್ಯಾಹ್ನಕ್ಕೆ ಕೀವಿನಿಂದ ಅಂಟಿಕೊಳ್ಳುತ್ತಿತ್ತು. ಅವನು ಆಸ್ಪತ್ರೆಯ ಖಾರವಾಸನೆಯ ನೀರಿನಲ್ಲಿ ತೊಳೆದು ಮುಲಾಮು ಹಚ್ಚುತ್ತಿದ್ದ. ಪೊನ್ನುತಾಯಿ ಬೇವಿನ ಹೊಗೆ ಹಾಕುತ್ತಿದ್ದಳು. ನಂಜಾದೀತೆಂದು ಬದನೆ, ಒಣಮೀನು ಮನೆಗೇ ತರಲಿಲ್ಲ. ನಿದ್ದೆಯಲ್ಲಿ ಕೆರೆದುಕೊಳ್ಳದಿರಲೆಂದು ವಳ್ಳಿಯ ಕೈಗಳಿಗೆ ಬಟ್ಟೆ ಸುತ್ತುತ್ತಿದ್ದರು. ಹೊಲಿಗೆಯ ಸುತ್ತ ಚರ್ಮ ಕೆಂಪಗೆ, ಬಿಸಿಯಾಗಿ, ಹಸಿಯಾಗಿಯೇ ಉಳಿಯಿತು.

ಕಡೆಗೆ ಪೊನ್ನುತಾಯಿಯೇ ವೀರಮ್ಮಾಳ ಹೆಸರೆತ್ತಿದ್ದಳು. ಊರಿನ ಹುಡುಗಿಯರಿಗೆಲ್ಲ ಕಿವಿ ಚುಚ್ಚಿ, ಓಲೆಗರಿಯ ಸುರುಳಿ ತುಂಬಿ, ಸೀಸದ ಬಳೆ ತೂಗಿ ಹಾಲೆ ಎಳೆದವಳು ಅವಳೇ. ಗುರುಸಾಮಿಗೆ ಅದು ತಮಾಷೆಯಾಗಿ ಕಂಡಿತು. ಮಂತ್ರ ಹಾಕಿಸಿ ತರಲು ಮುಲಾಮಿನ ಡಬ್ಬಿ ಹಿಡಿದು ಹೊರಟ.

ಊರಾಚೆಯ ಅವಳ ಗುಡಿಸಲಿಗೆ ಕಿಟಕಿಯಿರಲಿಲ್ಲ. ನಡುಹಗಲಲ್ಲೂ ಒಳಗೆ ಕತ್ತಲು ಮಡುಗಟ್ಟಿ ನಿಂತಿತ್ತು. ಹಳೆಯ ಏಲಕ್ಕಿ ಸಿಪ್ಪೆಯ ವಾಸನೆ, ಕಮಟು ಎಣ್ಣೆಯ ವಾಸನೆ, ಅದರಡಿ ಮತ್ತೊಂದು ಸಿಹಿಯಾದ ವಾಸನೆ. ಗೋಡೆಯ ಮೇಲೆ ಸೀಸದ ಬಳೆಗಳು ಗಾಳಿಗೆ ಒಂದಕ್ಕೊಂದು ತಾಗುತ್ತಿದ್ದವು. ಮೂಲೆಯಲ್ಲಿ ಕೂತಿದ್ದ ಮುದುಕಿಯ ಕಣ್ಣುಗಳು ಹಾಲು ತುಂಬಿದ ಚಿಪ್ಪಿನಂತಿದ್ದವು.

“ಯಾರ ಕಿವಿ?”

“ವಳ್ಳಿದು, ಅಜ್ಜಿ. ನೀ ಉದ್ದ ಮಾಡ್ದೆ, ನಾ ಗಿಡ್ಡ ಮಾಡ್ದೆ. ಇಬ್ರೂ ದರ್ಜಿಗಳೇ.”

“ಕಿವಿ ಎಳೆಯೋವಾಗ ನನ್ನ ಮಡಿಲಲ್ಲೇ ನಿದ್ದೆ ಮಾಡೋದು ಆ ಮಗು,” ಎಂದಳು ಮುದುಕಿ. “ಕತ್ತರಿಸಿದ್ದನ್ನ ಏನ್ ಮಾಡ್ದೆ?”

“ತಿಪ್ಪೆಗೆ ಹಾಕ್ದೆ. ಕಾಗೆ ಬಂದು ಉಂಡು, ಕೈ ತೊಳ್ಕಂಡು ಹೋಗಿರ್ತದೆ.”

ಬಳೆಗಳ ಸದ್ದು ನಿಂತಿತು. ಮುದುಕಿ ಡಬ್ಬಿ ಈಸಿಕೊಂಡಳು. ತೋರುಬೆರಳನ್ನು ಬಾಯಲ್ಲಿಟ್ಟು ನೆನೆಸಿ, ಮುಲಾಮಿನೊಳಗೆ ಇಳಿಸಿ, ತುಟಿ ಅಲುಗದಷ್ಟು ಮೆಲ್ಲಗೆ ಏನನ್ನೋ ಗುನುಗಿದಳು. ಡಬ್ಬಿ ಅವನ ಕೈಗೆ ಮರಳಿದಾಗ ಆಗ ತಾನೇ ಹಿಂಡಿದ ಹಾಲಿನಂತೆ ಬೆಚ್ಚಗಿತ್ತು.

“ಮಾಯ್ತದೆ. ಎಷ್ಟು ಸಾಕೋ ಹೇಳಿ ಹೋಗು.”

ಗುರುಸಾಮಿ ಹೊಸಲಿನ ಮೇಲೆ ನಿಂತ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದಕ್ಕಿಂತ ಚೆಂದದ ಮಾತೊಂದು ಹೊಳೆಯಿತು.

“ಬಡಿಸ್ತಾನೇ ಇರು ಅಜ್ಜಿ. ಹಸಿದು ಬಂದವ್ನು ನಾನು.”

ದಾರಿಯುದ್ದಕ್ಕೂ ಆ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳಿಕೊಂಡು ನಗುತ್ತ ಮನೆಗೆ ಬಂದ. “ಹೇಳಿದ್ರಾ?” ಎಂದು ಕೇಳಿದ ಅತ್ತೆಗೆ, “ಹೇಳದೆ ಬಿಡ್ತೀನಾ,” ಎಂದ.

ಮರುದಿನ ಕಟ್ಟು ಬಿಚ್ಚಿದಾಗ ಕೀವು ಇರಲಿಲ್ಲ. ಹೊಲಿಗೆಯೂ ಇರಲಿಲ್ಲ; ರೇಷ್ಮೆ ದಾರ ತಾನಾಗಿ ಉದುರಿ ದಿಂಬಿನ ಮೇಲೆ ಬಿದ್ದಿತ್ತು. ಬೆಳ್ಳುಳ್ಳಿಯ ಒಳಪೊರೆಯಂತೆ ತೆಳುವಾದ, ಹೊಳೆಯುವ ಹೊಸ ಚರ್ಮ. ಪೊನ್ನುತಾಯಿ ದೇವರ ಮನೆಯ ಕಡೆ ತಿರುಗಿ ಕೈ ಮುಗಿದಳು. ಗುರುಸಾಮಿ ಇನ್ನಷ್ಟು ಮುಲಾಮು ಬಳಿದ.

ಅದರ ಮಾರನೆ ದಿನ ಓಲೆಯ ತೂತು ಮುಚ್ಚಿತ್ತು. “ಮತ್ತೆ ಚುಚ್ಚಿದ್ರಾಯ್ತು,” ಎಂದ. ಸಂಜೆ ವಳ್ಳಿ ಹತ್ತಿರ ಬಂದು ಕೂತಳು.

“ಮಾಮ, ಯಾಕೆ ಇಷ್ಟು ಮೆಲ್ಲಗೆ ಮಾತಾಡ್ತಿದ್ದೀರಿ?”

ಅವನು ಮೆಲ್ಲಗೆ ಮಾತಾಡುತ್ತಿರಲಿಲ್ಲ. ಅವಳ ಕೂದಲು ಸರಿಸಿ ನೋಡಿದ. ಕಿವಿಯ ಒಳದಾರಿ ಇರಬೇಕಾದ ಕಡೆ ನುಣ್ಣನೆಯ ಚರ್ಮವಿತ್ತು. ಬೆರಳಿಟ್ಟರೆ ಕೂಸಿನ ನೆತ್ತಿಯಂತೆ ಮಿಡಿಯುತ್ತಿತ್ತು. ಆಚೆಯ ಕಿವಿಯೂ ಹಾಗೆಯೇ.

ಗುರುಸಾಮಿ ಚಾಕು ಕಾಯಿಸಿ ತಂದ. ಪೊನ್ನುತಾಯಿ ಮಗಳ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ಕೊಯ್ದ. ರಕ್ತ ಬಂತು. ರಕ್ತ ಒರೆಸುವಷ್ಟರಲ್ಲಿ ಗಾಯದ ಎರಡು ಅಂಚುಗಳು ತುಟಿಗಳಂತೆ ಕೂಡಿಕೊಂಡವು. ಮತ್ತೆ ಕೊಯ್ದ. ಮತ್ತೆ ಕೂಡಿಕೊಂಡವು. ಕೊಯ್ದಷ್ಟೂ ಹೊಸ ಚರ್ಮ ಮುಂದೆ ಸರಿಯಿತು. ಕೆನ್ನೆಯ ಮೇಲೆ ಬಂತು. ಹುಟ್ಟಿದಂದಿನಿಂದ ಮೂಗಿನ ಪಕ್ಕದಲ್ಲಿದ್ದ ಮಚ್ಚೆ ಕಣ್ಣೆದುರಿಗೇ ಅಳಿಸಿಹೋಯಿತು.

ಡಬ್ಬಿಯನ್ನು ಒಲೆಗೆ ಎಸೆದ. ಮುಲಾಮು ಸಿಹಿವಾಸನೆ ಬಿಟ್ಟು ಉರಿಯಿತು. ಚರ್ಮ ನಿಲ್ಲಲಿಲ್ಲ.

ಊರಿನ ಗಂಡಸರೆಲ್ಲ ಬೆಟ್ಟದ ಮೇಲೆ ಪೆರಿಯಾರ್ ಹೊಳೆಗೆ ಅಣೆ ಕಟ್ಟುವ ಕೆಲಸಕ್ಕೆ ಹೋಗಿದ್ದರು. ಕರೆದರೆ ಬರುವವರಿರಲಿಲ್ಲ. ಬಂದಿದ್ದರೂ ಏನು ಮಾಡುತ್ತಿದ್ದರು? ಬೆಳಗಾಗುವಷ್ಟರಲ್ಲಿ ಕಣ್ಣಿನ ಮೂಲೆಗಳು ಕೂಡಿಕೊಂಡಿದ್ದವು. ವಳ್ಳಿಗೆ ಕೇಳುತ್ತಿರಲಿಲ್ಲ. ಕಾಣುತ್ತಿರಲಿಲ್ಲ. ಅವನ ಕೈಯನ್ನು ಹುಡುಕಿ ಹಿಡಿದಳು.

“ನೋವಿಲ್ಲ ಮಾಮ,” ಎಂದಳು. “ನೋವೇ ಇಲ್ಲ. ಅದ್ಕೇ ಭಯ ಆಯ್ತೈತೆ.”

ಅದು ಅವಳ ಕಡೆಯ ಮಾತು. ಬಾಯಿ ಮುಚ್ಚಿತು. ಮೂಗಿನ ಹೊಳ್ಳೆಗಳು ಕಿರಿದಾಗತೊಡಗಿದವು. ಗುರುಸಾಮಿ ಹರಳುಗಿಡದ ಟೊಳ್ಳು ದಂಟನ್ನು ಮುರಿದು ತಂದು ಹೊಳ್ಳೆಯೊಳಗೆ ಇಳಿಸಿದ. ದಂಟಿನ ತುದಿಯಿಂದ ಉಸಿರು ಸಿಳ್ಳಿನಂತೆ ಬಂತು. ದಂಟಿನ ಸುತ್ತ ಚರ್ಮ ಏರತೊಡಗಿತು.

“ನೀವು ಹೇಳಿಲ್ಲ,” ಎಂದಳು ಪೊನ್ನುತಾಯಿ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ನೀವು ಸಾಕು ಅಂದಿಲ್ಲ ಮಾಪ್ಳೆ.”

ಅವನು ತಲೆ ತಗ್ಗಿಸಿದ.

“ಚಾಕು ನಂಗೆ ಕೊಡಿ. ಉಸ್ರು ನಾ ನೋಡ್ಕತೀನಿ. ಓಡಿ. ಅದೊಂದು ಮಾತು ಹೇಳ್ಬನ್ನಿ. ಅದೊಂದೇ ಮಾತು.”

ಓಡಿದ. ಗಾಳಿ ಎದುರಿಗಿತ್ತು. ಕಣ್ಣಿಗೆ ಧೂಳು ಬಡಿಯಿತು. ಕಾಲುವೆ ದಾಟುವಲ್ಲಿ ಕಲ್ಲಿಗೆ ಎಡವಿದ. ಮುಖ ಅಡಿಯಾಗಿ ಬಿದ್ದ. ಕೆಳತುಟಿ ಸೀಳಿತು. ಬಾಯ ತುಂಬ ಉಪ್ಪು. ಎದ್ದ. ಓಡುತ್ತಲೇ ಹೆಗಲ ಮೇಲಿನ ಬಟ್ಟೆ ಎಳೆದು ತುಟಿಗೆ ಒತ್ತಿಕೊಂಡ. ಗಾಯ ಕಂಡರೆ ಒತ್ತಿ ಹಿಡಿಯುವುದು ವರ್ಷಗಳ ಅಭ್ಯಾಸ. ಕೈ ತಾನಾಗಿ ಮಾಡಿತು.

ಸ್ವಲ್ಪ ದೂರ ಹೋದ ಮೇಲೆ ಬಟ್ಟೆಯಿಂದ ಸಿಹಿವಾಸನೆ ಬಂತು.

ವಳ್ಳಿಯ ಮುಖ ಒರೆಸುತ್ತಿದ್ದ ಬಟ್ಟೆ. ಮುಲಾಮು ಹಚ್ಚಿದ ಕೈಯನ್ನು ಒರೆಸಿಕೊಳ್ಳುತ್ತಿದ್ದ ಬಟ್ಟೆ.

ಎಸೆದ. ತುಟಿ ಮುಟ್ಟಿ ನೋಡಿದ. ನೋವಿರಲಿಲ್ಲ. ಸೀಳೂ ಇರಲಿಲ್ಲ. ಬಾಯಿಯ ಬಲಮೂಲೆ ಬಿಗಿಯುತ್ತಿತ್ತು. ಎಡಮೂಲೆಯೂ. ಸಾಕು ಎಂದು ಅಲ್ಲಿಂದಲೇ ಕೂಗಿದ. ಗಾಳಿ ಅದನ್ನು ಅವನ ಹಿಂದಕ್ಕೆ ಕೊಂಡೊಯ್ಯಿತು. ಮತ್ತೆ ಕೂಗಿದ. ಅರ್ಧ ಮಾತು ಬಂತು. ಬೆರಳುಗಳನ್ನು ಬಾಯೊಳಗೆ ತುರುಕಿ ಅಗಲಿಸುತ್ತ ಓಡಿದ. ಎರಡು ಬೆರಳು ಹಿಡಿಯುತ್ತಿತ್ತು. ಆಮೇಲೆ ಒಂದು. ಉಗುರು. ಆಮೇಲೆ ಏನೂ ಇಲ್ಲ.

ಗುಡಿಸಲಿನ ಬಾಗಿಲಲ್ಲಿ ಮಂಡಿಯೂರಿದ. ಕತ್ತಲೊಳಗೆ ಸೀಸದ ಬಳೆಗಳು ತಾಗಿದವು.

“ಯಾರು?”

ತಲೆ ಆಡಿಸಿದ. ಕೈ ಮುಗಿದ. ಹಾಲುಗಣ್ಣುಗಳು ಅವನ ಮೇಲಿಂದ ಬಯಲಿನ ಕಡೆ ನೋಡುತ್ತಿದ್ದವು.

“ಬಂದವ್ರು ಬಾಯಿ ಬಿಟ್ಟು ಹೇಳ್ಬೇಕು. ನಂಗೆ ಹೆಂಗೆ ಕಾಣ್ತದೆ?”

ಉಗುರಿನಿಂದ ಬಾಯಿದ್ದ ಕಡೆ ಪರಚಿದ. ಚರ್ಮ ಹರಿಯಿತು. ಬಿಸಿಯಾಗಿ ಹರಿದ ರಕ್ತ ಗಲ್ಲ ತಲುಪಿತು. ಉಸಿರು ಎಳೆದ. ಆ ಉಸಿರು ಮಾತಾಗುವ ಮೊದಲೇ ಸೀಳು ಮುಚ್ಚಿಕೊಂಡಿತು. ಮತ್ತೆ ಪರಚಿದ. ಮತ್ತೆ. ಅಲ್ಲಿ ದಂಟಿನ ಸಿಳ್ಳು ಸಣ್ಣದಾಗುತ್ತಿರಬೇಕು. ಅತ್ತೆಯ ಕೈ ಸೋಲುತ್ತಿರಬೇಕು.

ತೆವಳಿ ಒಳಗೆ ಹೋಗಿ ಮುದುಕಿಯ ಕೈ ಹಿಡಿದು ತನ್ನ ಮುಖದ ಮೇಲೆ ಇಟ್ಟುಕೊಂಡ.

ಒಣಗಿದ ಬೆರಳುಗಳು ಹಣೆ ತಡವಿದವು. ಮೂಗು ತಡವಿದವು. ಕೆಳಗೆ ಇಳಿದು, ನುಣ್ಣನೆಯ ಜಾಗದಲ್ಲಿ ನಿಂತವು. ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ, ಬಟ್ಟೆಯ ನೇಯ್ಗೆ ನೋಡುವವಳಂತೆ, ನಿಧಾನವಾಗಿ ಹೋಗಿ ಬಂದವು.

“ಚೆನ್ನಾಗಿ ಮಾಯ್ದೈತೆ,” ಎಂದಳು ವೀರಮ್ಮಾಳ್. “ಗುರುತೇ ಇಲ್ಲ.”

ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಅನ್ನ ಬಡಿಸುವವಳ ಅಕ್ಕರೆಯಲ್ಲಿ ಕೇಳಿದಳು.

“ಸಾಕಾ ಮಗ, ಇನ್ನೂ ಹಾಕ್ಲಾ?”

ಉತ್ತರಕ್ಕಾಗಿ ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ತೋರುಬೆರಳನ್ನು ಮತ್ತೆ ಬಾಯಲ್ಲಿ ನೆನೆಸಿಕೊಂಡಳು.