ಮೈಕಿಗೆ ಸಿಗದ ಹೆಸರು

ಮೊದಲ ಭೇಟಿಯೇ ಜಗಳದಿಂದ ಶುರುವಾಯಿತು. ತಪ್ಪು ಯಾರದೆಂದು ಕೇಳಿದರೆ ರೊಶೆಲ್ ಈಗಲೂ ‘ಅವನದೇ’ ಎನ್ನುತ್ತಾಳೆ. ಆದರೆ ಆ ಮಾತಿನಲ್ಲಿ ಮುಂಚಿನ ಜೋರು ಉಳಿದಿಲ್ಲ.

ಕಪ್ಪು ಜನರ ಬಡಾವಣೆ ಕಾರ್ವರ್ ಹೈಟ್ಸ್‌ನ ಚರ್ಚ್ ಮೂಲೆಯ ಬಸ್ ಸ್ಟಾಪು. ಅಲಬಾಮಾದ ಆಗಸ್ಟ್ ಬಿಸಿಲು. ಕೈಯಲ್ಲಿ ಮೆರವಣಿಗೆಯ ಕೈಮೈಕು, ಕಂಕುಳಲ್ಲಿ ಪೋಸ್ಟರುಗಳ ಕಟ್ಟು. ರೊಶೆಲ್ ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಿದ್ದಳು. ಬಸ್ಸು ಹೊರಟೇಬಿಟ್ಟಿತೆಂದು ತಿಳಿದು ನಡುರಸ್ತೆಯಲ್ಲೇ ಮೈಕನ್ನು ಬಾಯಿಗಿಟ್ಟಳು.

“ಏನ್ ಡ್ರೈವರ್ರೇ, ಕಣ್ಣು ಮನೇಲಿ ಬಿಟ್ಟು ಬಂದಿದ್ದೀರಾ? ನಮ್ಮ ಬೀದಿ ಅಂದ್ರೆ ನಿಮಗೂ ಸಸಾರಾನಾ?”

ಇಡೀ ಬೀದಿ ತಿರುಗಿ ನೋಡಿತು. ಬಸ್ಸು ಮಾತ್ರ ಅಲ್ಲಾಡಲಿಲ್ಲ. ಅದು ಬಾಗಿಲು ತೆರೆದುಕೊಂಡು ಅವಳಿಗಾಗಿಯೇ ಕಾಯುತ್ತಾ ನಿಂತಿತ್ತು.

“ಹತ್ತಿ, ಮೈಕ್ ಮಹಾರಾಣಿಯವರೇ. ಭಾಷಣ ಇನ್ನೂ ಇದ್ರೆ ಮುಗಿಸ್ಕೊಂಡೇ ಹತ್ತಿ, ನಾನೇನೂ ಓಡಿಹೋಗಲ್ಲ” ಎಂದ ಡ್ರೈವರ್.

ರೊಶೆಲ್ ನಾಚಿಕೆಯಿಂದ ಭೂಮಿಗಿಳಿದು ಹೋದಳು. ಹಿಂದಿನ ಸೀಟಿನಲ್ಲಿ ಮುಖ ಮರೆಸಿಕೊಂಡು ಕೂತರೂ, ಡ್ರೈವರನ ತಲೆಯ ಮೇಲಿದ್ದ ಕನ್ನಡಿಯಲ್ಲಿ ಎರಡು ಕಣ್ಣು ಅವಳನ್ನೇ ಹುಡುಕಿ ಬಂದವು. ಬಾಯಿ ನಗುತ್ತಿರಲಿಲ್ಲ, ಕಣ್ಣು ನಗುತ್ತಿತ್ತು. ಅವನ ಹೆಸರು ಅಮೋಸ್ ಗೇನ್ಸ್ ಎಂದು ಗೊತ್ತಾಗಲು ಗುರುವಾರದವರೆಗೆ ಕಾಯಬೇಕಾಯಿತು.

ಗುರುವಾರ ಸಂಜೆಗಳು ಮಿಸ್ ಲೂಲಾಳವು. ಮಂಡಿನೋವು ತಾಳಲಾರದೆ ಆಕೆ ತನ್ನ ಬ್ಯೂಟಿ ಪಾರ್ಲರ್ ಮುಚ್ಚಿದ್ದಳು, ಆದರೆ ಕೂದಲು ಒಣಗಿಸುವ ದೊಡ್ಡ ಕುರ್ಚಿಗಳನ್ನು ಮಾರಿರಲಿಲ್ಲ. ಅವನ್ನೇ ದುಂಡಗೆ ಜೋಡಿಸಿ, ನಡುವೆ ಒಂದು ಜರೀಗಿಡದ ಕುಂಡ ಇಟ್ಟು, ಬೀದಿಯವರನ್ನೆಲ್ಲ ಕರೆಯುತ್ತಿದ್ದಳು. ಮಗನನ್ನು ಪೊಲೀಸರ ಗುಂಡಿಗೆ ಕಳೆದುಕೊಂಡವರು, ಜೈಲಿನಿಂದ ಬಂದು ಬಾಗಿಲು ಮುಚ್ಚಿದ ಸದ್ದಿಗೂ ಬೆಚ್ಚುವವರು, ಎಲ್ಲರೂ ಬರುತ್ತಿದ್ದರು. ಯಾರನ್ನೂ ಕೆದಕಿ ಕೇಳುವಂತಿಲ್ಲ. ಮಾತು ಬೇಡವೆಂದರೆ ‘ಪಾಸ್’ ಅಂದರೆ ಸಾಕು. ಮಿಸ್ ಲೂಲಾ ಅಂಥವರ ಹಿಂದೆ ನಿಂತು ತಲೆಗೆ ಎಣ್ಣೆ ತಟ್ಟುತ್ತಿದ್ದಳು. ತಲೆಯ ಮೇಲೆ ಅಕ್ಕರೆಯ ಕೈ ಬಿದ್ದರೆ ನಾಲಿಗೆಯ ಗಂಟು ತಾನೇ ಬಿಚ್ಚುತ್ತದೆ ಎಂಬುದನ್ನು ಪಾರ್ಲರ್ ನಡೆಸಿದ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲಿಗೆ ನೀರೆರೆಯುವುದು. ಒಬ್ಬೊಬ್ಬರೂ ಹೂಜಿ ಹಿಡಿದು, ತೀರಿಹೋದ ತಮ್ಮವರ ಹೆಸರು ಕರೆದು, ಕುಂಡಕ್ಕೆ ನೀರು ಬಿಡಬೇಕು. ಉಳಿದವರು ‘ಆಶೇ’ ಎನ್ನಬೇಕು, ಹಾಗೇ ಆಗಲಿ ಎಂದು. ಅಜ್ಜಂದಿರ ಅಜ್ಜಂದಿರನ್ನು ಆಫ್ರಿಕಾದಿಂದ ಹಡಗಿನಲ್ಲಿ ಕಟ್ಟಿ ತರುವಾಗ ಅವರ ಹೆಸರನ್ನೂ ಕಿತ್ತುಕೊಂಡಿದ್ದರು. ಹಾಗಾಗಿ ಅಲ್ಲಿ ಹೆಸರು ಕರೆಯುವುದೆಂದರೆ ಸಣ್ಣ ವಿಷಯವಲ್ಲ.

ಆ ಗುರುವಾರ ಹೂಜಿ ಬಸ್ ಡ್ರೈವರನ ಕೈಗೆ ಬಂತು. ಅವನು ಸುಮ್ಮನೆ ನೀರು ಬಿಟ್ಟ. “ನನ್ನ ತಮ್ಮ” ಎಂದ, ಅಷ್ಟೇ. ಹೆಸರು ಬಾಯಿಗೆ ಬರಲಿಲ್ಲ.

“ಮಾತಾಡ್ತೀಯಾ ಮಗಾ?” ಎಂದಳು ಮಿಸ್ ಲೂಲಾ.

“ಪಾಸ್, ಮಿಸ್ ಲೂಲಾ.”

ಹೊರಡುವಾಗ ಆಕೆ ಎಂದಿನಂತೆ ಎಚ್ಚರಿಸಿದಳು. “ಇಲ್ಲಿ ಹೇಳಿದ್ದು ಇಲ್ಲೇ ಇರ್ಲಿ. ಇಲ್ಲಿ ಕಲಿತದ್ದನ್ನ ಮಾತ್ರ ಹೊರಗೆ ತಗೊಂಡ್ಹೋಗಿ.”

ರೊಶೆಲ್‌ಗೆ ‘ಪಾಸ್’ ಎನ್ನುವುದು ಗೊತ್ತೇ ಇರಲಿಲ್ಲ. ಅವಳದ್ದು ಯಾವಾಗಲೂ ತುಂಬಿದ ಬಾಯಿ. ನ್ಯಾಯ ಕೇಳುವುದೇ ಅವಳ ಕೆಲಸ, ಊಟ, ನಿದ್ದೆ. ಅಂಥವಳು ಮಾತೇ ಆಡದ ಆ ಗಂಡಸಿಗಾಗಿ ದಿನಾ ಕೊನೆಯ ಸ್ಟಾಪಿನವರೆಗೆ ಬಸ್ಸಿನಲ್ಲಿ ಹೋಗತೊಡಗಿದಳು ನೋಡಿ!

“ನಿನ್ನ ಮನೆ ಆಗ್ಲೇ ಹಿಂದೆ ಹೋಯ್ತಲ್ಲ?” ಎಂದ ಅಮೋಸ್ ಒಂದು ಸಂಜೆ.

“ಹೌದಾ? ನೋಡ್ಲೇ ಇಲ್ಲ.”

“ಎಲ್ಲಿಂದ ನೋಡ್ತೀಯಾ, ನೀನು ನೋಡ್ತಾ ಇದ್ದಿದ್ದು ಕನ್ನಡೀನ.”

“ಕನ್ನಡಿ ಚೆನ್ನಾಗಿದೆ ಮಾರಾಯ, ಅದಕ್ಕೆ ನೋಡ್ದೆ. ನಿನಗೇನು ಕಷ್ಟ?”

ಈ ಸಲ ಅವನ ಬಾಯಿಯೂ ನಕ್ಕಿತು. ಖಾಲಿ ಬಸ್ಸಿನಲ್ಲಿ, ಅವಳು ತಂದಿದ್ದ ಗೆಣಸಿನ ಕಡುಬನ್ನು ಇಬ್ಬರೂ ಒಂದೇ ಚಮಚದಲ್ಲಿ ತಿಂದರು. ಅವನ ಬೆರಳು ಅವಳ ಬೆರಳಿಗೆ ತಗುಲಿದ್ದು ಬೇಕೆಂದೇ ಎಂದು ಅವಳಿಗೆ ಗೊತ್ತಿತ್ತು. ತಾನು ಕೈ ತೆಗೆಯದಿದ್ದದ್ದೂ ಬೇಕೆಂದೇ.

ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಗುರುವಾರ ಅಮೋಸ್ ‘ಪಾಸ್’ ಅನ್ನಲಿಲ್ಲ. ಮಿಸ್ ಲೂಲಾಳ ಕೈ ಅವನ ತಲೆಯ ಮೇಲಿತ್ತು. ಕಣ್ಣು ಮುಚ್ಚಿಕೊಂಡೇ ಹೇಳಿದ. ತಮ್ಮನಿಗೆ ಹತ್ತೊಂಬತ್ತು. ಕಾರಿನ ಹಿಂದಿನ ದೀಪ ಒಡೆದಿದ್ದಕ್ಕೆ ಹಿಡಿದು ಜೈಲಿಗೆ ಹಾಕಿದ್ದರು. ಉಬ್ಬಸದ ಹುಡುಗ. ಔಷಧಿಗಾಗಿ ಬಾಗಿಲು ಬಡಿದ. ಯಾರೂ ಬರಲಿಲ್ಲ.

“ಕೊನೆಗೆ ಅಮ್ಮಾ ಅಂತ ಕರೆದನಂತೆ. ಜೊತೇಲಿದ್ದವನು ನನಗೊಬ್ಬನಿಗೇ ಹೇಳಿದ. ಅಮ್ಮನಿಗೆ ಗೊತ್ತಿಲ್ಲ. ಅವನು ನಿದ್ದೇಲೇ ಹೋದ ಅಂತ ಹೇಳಿದ್ದೀನಿ.” ಮತ್ತೆ ಹೇಳಿದ, “ಅವಳಿಗೆ ಗೊತ್ತಾಗ್ಬಾರ್ದು.”

ಆ ಸಂಜೆ ಕೊನೆಯ ಸ್ಟಾಪಿನಲ್ಲಿ ಅವನು ರೊಶೆಲ್‌ಳ ಭುಜಕ್ಕೆ ತಲೆಯಿಟ್ಟು ಅತ್ತ. ಆಮೇಲೆ, ಮಕ್ಕಳು ಮುಚ್ಚಿಟ್ಟ ಗೋಲಿ ತೋರಿಸುವಂತೆ, ಇನ್ನೊಂದು ಮಾತು ಹೇಳಿದ.

“ಪೇಪರಲ್ಲಿ ಬಂದಿದ್ದು ಟೆರೆಲ್ ಗೇನ್ಸ್ ಅಂತ. ಮನೇಲಿ ಅವನು ಜೂನ್‌ಬಗ್. ಜೂನಲ್ಲಿ ಹುಟ್ಟಿದ್ದ, ದೀಪದ ಹುಳದ ಹಾಗೆ ಒಂದ್ಕಡೆ ನಿಲ್ತಿರ್ಲಿಲ್ಲ. ಅವನನ್ನ ಮಣ್ಣು ಮಾಡಿದ ಮೇಲೆ ನಮ್ಮನೇಲಿ ಯಾರೂ ಆ ಹೆಸರು ಎತ್ತಿಲ್ಲ. ಒಂದಿನ ಅಮ್ಮ ಮಿಸ್ ಲೂಲಾ ಹತ್ರ ಬಂದು ನೀರು ಬಿಡ್ತಾಳೆ ರೊಶೆಲ್. ಆ ಹೆಸರು ಮೊದಲು ಅವಳ ಬಾಯಿಂದಾನೇ ಬರ್ಬೇಕು.”

“ಬರುತ್ತೆ ಕಣೋ” ಎಂದು ಅವನ ಕೆನ್ನೆ ಒರೆಸಿದಳು. “ಅಲ್ಲೀವರೆಗೂ ನಾನಿದ್ದೀನಿ.”

ಆಗ ಅವಳು ಮನಸ್ಸಾರೆ ಹೇಳಿದ್ದಳು. ಅದೇ ಈಗ ಚುಚ್ಚುವುದು.

ಮೇ ತಿಂಗಳಲ್ಲಿ ನಗರಸಭೆಯಲ್ಲಿ ಮತದಾನವಿತ್ತು. ಜೈಲಿನಲ್ಲಿ ಹಗಲೂ ರಾತ್ರಿ ನರ್ಸ್ ಇರಬೇಕು, ಔಷಧಿ ಕೇಳಿದವರಿಗೆ ಔಷಧಿ ಸಿಗಬೇಕು ಎಂದು ರೊಶೆಲ್ ಮತ್ತು ಅವಳ ಜೊತೆಗಾರರು ವರ್ಷಗಟ್ಟಲೆ ಬಡಿದಾಡಿದ್ದರು. ಮಾತಾಡುವವರಿಗೆ ಕೊಡುವುದು ಮೂರೇ ನಿಮಿಷ. ಅವಳು ಅಂಕಿಸಂಖ್ಯೆ ಓದಿದಳು. ಒಬ್ಬ ಸದಸ್ಯ ಆಕಳಿಸಿದ. ಇನ್ನೊಬ್ಬ ಫೋನಿನಲ್ಲಿ ಮುಳುಗಿದ್ದ. ರೊಶೆಲ್‌ಗೆ ರಕ್ತ ಕುದಿಯಿತು. ಕಾಗದ ಪಕ್ಕಕ್ಕಿಟ್ಟು, “ಟೆರೆಲ್ ಗೇನ್ಸ್” ಎಂದಳು.

ನಾಲಿಗೆ ನಿಲ್ಲಲಿಲ್ಲ. ಉಬ್ಬಸ, ಬಡಿದ ಬಾಗಿಲು, ಕೊನೆಗೆ ಅಮ್ಮಾ ಎಂದು ಕರೆದದ್ದು, ಎಲ್ಲವನ್ನೂ ಹೇಳಿಬಿಟ್ಟಳು. ಫೋನ್ ಕೆಳಗಿಳಿಯಿತು. ಸಮಯ ಮುಗಿದ ಗಂಟೆ ಹೊಡೆದು ಮೈಕ್ ಆಫ್ ಆಯಿತು. ಹೊರಗೆ ನೆರೆದಿದ್ದವರೆಲ್ಲ ಟೆರೆಲ್ ಗೇನ್ಸ್ ಎಂದು ಕೂಗಿದರು, ಕೂಗುತ್ತಲೇ ಇದ್ದರು. ಮತದಾನದಲ್ಲಿ ಗೆದ್ದರು.

ಸಂಜೆ ಟೀವಿಯಲ್ಲೂ ಬಂತು. ಅಡುಗೆಮನೆಯಲ್ಲಿ ಸೊಪ್ಪು ಬೇಯಿಸುತ್ತಿದ್ದ ಅಮೋಸನ ತಾಯಿ ಮಿಸೆಸ್ ಗೇನ್ಸ್ ಅದನ್ನು ಕೇಳಿಸಿಕೊಂಡಳು.

ಅಮೋಸ್ ರೊಶೆಲ್‌ಳ ಮನೆಗೆ ಬಂದಾಗ ಡ್ರೈವರ್ ಅಂಗಿಯಲ್ಲೇ ಇದ್ದ. ಒಳಗೆ ಬರಲಿಲ್ಲ.

“ಗೆದ್ವಲ್ಲ ಅಮೋಸ್...”

“ನೀನು ಗೆದ್ದೆ. ನಮ್ಮಮ್ಮ ನೆಲದ ಮೇಲೆ ಬಿದ್ದಿದ್ದಾಳೆ. ನನ್ನ ಮಗ ಕರೆದ, ನಾನು ಹೋಗಲಿಲ್ಲ ಅಂತ ಒಂದೇ ಸಮ ಹೇಳ್ತಿದ್ದಾಳೆ.”

“ಇನ್ನೊಬ್ಬ ಹುಡುಗ ಹಾಗೆ ಸಾಯ್ಬಾರ್ದು ಅಂತಾನೇ...”

“ಗೊತ್ತು ಕಣೇ. ನೀನು ಕೇಳಿದ್ದಿದ್ರೆ ಕೊಡ್ತಿದ್ದೆನೇನೋ. ಅಮ್ಮನ ಪಕ್ಕ ಕೂತು ನಾನೇ ಮೊದಲು ಹೇಳ್ತಿದ್ದೆ. ನೀನು ಕೇಳ್ಲಿಲ್ಲ. ತಗೊಂಡೆ.”

ಎಂಥ ದೊಡ್ಡ ಸಭೆಗೂ ಉತ್ತರ ಕೊಡುತ್ತಿದ್ದ ರೊಶೆಲ್ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

ಮಿಸ್ ಲೂಲಾ ಕೂಗಾಡಲಿಲ್ಲ. “ಕಲಿತದ್ದನ್ನ ತಗೊಂಡ್ಹೋಗು ಅಂದೆ ಬೇಬಿ. ನೀನು ಅವನಿಲ್ಲಿ ಹೇಳಿದ್ದನ್ನೇ ಹೊತ್ಕೊಂಡು ಹೋದೆ” ಎಂದಳು. ಕೂಗಾಡಿದ್ದರೇ ಚೆನ್ನಾಗಿತ್ತು.

ಒಂದು ವರ್ಷ ಹಾಗೇ ಹೋಯಿತು. ಜೈಲಿನಲ್ಲಿ ನರ್ಸ್ ಬಂದಳು. ಯಾರದೋ ಮಗ ಬದುಕಿಕೊಂಡ ಸುದ್ದಿಯೂ ಬಂತು. ಆ ದಿನ ರೊಶೆಲ್ ಖುಷಿಪಟ್ಟು, ಮರುಗಳಿಗೆಯೇ ಅತ್ತಳು. ಅಮೋಸನ ಬಸ್ಸು ಬರುವ ಹೊತ್ತಿಗೆ ಸ್ಟಾಪಿನಲ್ಲಿ ನಿಲ್ಲದಂತೆ ನೋಡಿಕೊಂಡಳು. ಗುರುವಾರಗಳಲ್ಲಿ ಕುರ್ಚಿ ಜೋಡಿಸಿ, ಪಾತ್ರೆ ತೊಳೆದು, ಮಾತು ಶುರುವಾಗುವ ಮುಂಚೆ ಹಿತ್ತಲಿಗೆ ಹೋಗಿ ಕೂರುತ್ತಿದ್ದಳು. ಒಳಗೆ ಕೂರಲು ತನಗೆ ಯೋಗ್ಯತೆ ಇಲ್ಲ ಎಂದು ತಾನೇ ತೀರ್ಮಾನಿಸಿಕೊಂಡಿದ್ದಳು.

ಮತ್ತೆ ಜೂನ್ ಬಂತು. ಗುಲಾಮಗಿರಿಯಿಂದ ಬಿಡುಗಡೆಯಾದ ಹಬ್ಬ. ಮಿಸ್ ಲೂಲಾಳ ಅಂಗಳದ ಮರದಡಿ ಕೆಂಪು ಪಾನಕ, ಹೊಗೆಯಾಡುವ ಮಾಂಸ, ಮಕ್ಕಳ ಗಲಾಟೆ. ಅಮೋಸ್ ತಾಯಿಯ ಕೈಹಿಡಿದು ಗೇಟಿನೊಳಗೆ ಬಂದ. ಮಿಸೆಸ್ ಗೇನ್ಸ್ ಬಿಳಿ ಟೋಪಿ ಹಾಕಿದ್ದಳು. ರೊಶೆಲ್ ತಟ್ಟೆಗಳ ಹಿಂದೆ ಕಲ್ಲಿನಂತೆ ನಿಂತಳು.

ಹೂಜಿ ಮಿಸೆಸ್ ಗೇನ್ಸ್‌ಳ ಕೈಗೆ ಹೋಯಿತು. ನೀರು ಮೊದಲು ಅವಳ ಶೂಗಳ ಮೇಲೇ ಬಿತ್ತು. ಅಮೋಸ್ ಹಿಡಿಯಲು ಹೋದ. ಬೇಡವೆಂದು ತಲೆಯಾಡಿಸಿ, ಅಂಗಳಕ್ಕೆ ತಂದಿಟ್ಟಿದ್ದ ಜರೀಗಿಡದತ್ತ ಬಾಗಿ ಕರೆದಳು.

“ಜೂನ್‌ಬಗ್. ಬಂದೆ ಕಣೋ ಕಂದಾ. ಅಮ್ಮ ಬಂದೆ.”

‘ಆಶೇ’ ಎಂದಿತು ಅಂಗಳ.

ಆಮೇಲೆ ಅಮೋಸ್ ರೊಶೆಲ್ ಇದ್ದಲ್ಲಿಗೆ ಬಂದ. ಸ್ವಲ್ಪ ಸೊರಗಿದ್ದ. ಕಣ್ಣು ಮಾತ್ರ ಕನ್ನಡಿಯಲ್ಲಿ ಕಂಡ ಅವೇ ಕಣ್ಣು.

“ಅಮ್ಮ ನಿನ್ನ ಮೇಲಿನ ಕೋಪ ಬಿಟ್ಟಳು. ಅವನು ಕೊನೇಲಿ ನನ್ನನ್ನೇ ನೆನೆಸ್ಕೊಂಡನಲ್ಲ ಅಂತಾಳೆ ಈಗೀಗ.”

“ನೀನು?”

“ನಾನೂ ಯೋಚನೆ ಮಾಡ್ದೆ. ಎಲ್ಲಾ ಹೇಳಿದವಳು ಜೂನ್‌ಬಗ್ ಅನ್ನೋ ಹೆಸರು ಮಾತ್ರ ಹೇಳ್ಲಿಲ್ಲ. ಅಮ್ಮನಿಗೆ ಅಂತ ಉಳಿಸಿದ್ಲು ಅಂದ್ಕೊಂಡೆ. ಅದೊಂದನ್ನೇ ಹಿಡ್ಕೊಂಡು ಬಂದಿದ್ದೀನಿ ರೊಶೆಲ್. ಬಸ್ಸಲ್ಲಿ ಹಿಂದಿನ ಸೀಟು ಇನ್ನೂ ಖಾಲಿ ಇದೆ, ಮಹಾರಾಣಿ.”

ಅಯ್ಯೋ, ಆ ಹೆಸರಲ್ಲಿ ಅವನು ಮತ್ತೆ ಕರೆದನಲ್ಲ! ಅವನ ಅಂಗಿಯ ಗುಂಡಿಗಳು ಕೈಯಳತೆಯಲ್ಲಿದ್ದವು. ಸುಮ್ಮನೆ ‘ಹೂಂ’ ಎಂದರೆ ಸಾಕಿತ್ತು.

“ಇಲ್ಲ ಅಮೋಸ್” ಎಂದಳು. “ನಾನು ಉಳಿಸ್ಲಿಲ್ಲ. ನಾಲಿಗೆ ತುದೀಲೇ ಇತ್ತು. ಅಷ್ಟರಲ್ಲಿ ಗಂಟೆ ಹೊಡೀತು, ಮೈಕ್ ಆಫ್ ಆಯ್ತು. ಇಲ್ದಿದ್ರೆ ಅದನ್ನೂ ಕೊಟ್ಬಿಡ್ತಿದ್ದೆ.”

ಮಕ್ಕಳು ಅವರಿಬ್ಬರ ನಡುವೆ ನುಗ್ಗಿ ಪಾನಕ ಬಗ್ಗಿಸಿಕೊಂಡು ಓಡಿದವು.

“ಹೇಳ್ದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ.”

“ಅದಕ್ಕೇ ಹೇಳ್ದೆ.”

“ನಾನು ನಿನ್ನನ್ನ ಪ್ರೀತಿಸ್ತೀನಿ ಕಣೇ, ಅದು ಹೋಗಿಲ್ಲ” ಎಂದ. “ಆದ್ರೆ ನಿನ್ನ ಮುಂದೆ ಬಾಯಿ ಬಿಡೋಕೆ ಮುಂಚೆ ನಾನಿನ್ನು ಮಾತು ಆರಿಸ್ತೀನಿ. ಮನೆ ಅಂದ್ಮೇಲೆ ಹಾಗೆ ಆರಿಸ್ಕೊಂಡು ಬದುಕೋಕೆ ನನ್ನ ಕೈಲಾಗಲ್ಲ.”

ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಏನನ್ನೋ ಅದರೊಳಗಿಟ್ಟು ಮುಚ್ಚುವಂತೆ ಮುಚ್ಚಿದ. ಆಮೇಲೆ ತಾಯಿಯನ್ನು ಕರೆದುಕೊಂಡು ಹೊರಟ. ಗೇಟಿನ ಬಳಿ ಒಮ್ಮೆ ತಿರುಗಿದ. ಅಷ್ಟೇ.

ಅಂಗಳ ಖಾಲಿಯಾದ ಮೇಲೆ ಮಿಸ್ ಲೂಲಾ ಅವಳನ್ನು ಒಳಗೆ ಕರೆದು, ವರ್ಷದಿಂದ ಅವಳು ಕೂರದ ಕುರ್ಚಿಯಲ್ಲಿ ಕೂರಿಸಿದಳು. ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು, ಅವಳ ಜಡೆಗಳ ನಡುವೆ ಬೆರಳಾಡಿಸಿದಳು.

“ಏನಂದ ಬೇಬಿ ಅವನು?”

ರೊಶೆಲ್ ಬಾಯಿ ತೆರೆದಳು. ಮಡಿಲಲ್ಲಿದ್ದ ಕೈಯ ಮುಷ್ಟಿ ಇನ್ನೂ ಹಾಗೇ ಮುಚ್ಚಿಕೊಂಡಿತ್ತು.

“ಪಾಸ್, ಮಿಸ್ ಲೂಲಾ” ಎಂದಳು. ಮುದುಕಿ ಇನ್ನೇನೂ ಕೇಳದೆ ಎಣ್ಣೆ ತಟ್ಟುತ್ತಾ ಹೋದಳು.