ಕೆಳಗಿಟ್ಟ ಬ್ಯಾಗು

"ಏನ್ರೀ ಇದು! ಗಂಡನ್ನ ಮಡಚಿ ಒಳಗಿಟ್ಕೊಂಡು ಬಂದಿದ್ದೀರಾ?"

ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳ ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಹಲ್ಲು ಬಿಡುತ್ತಾ ನಿಂತಿದ್ದವನನ್ನು ಅವಳು ನೋಡಿದ್ದು ಅದೇ ಮೊದಲು.

ಅವಳ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಕೆನ್ನೆಗೆ ಬಾರಿಸಿಬಿಡಲೇ?... ಆದರೆ ಅವನಿಗೇನು ಗೊತ್ತು!

"ಬಾಯಿಗೆ ಬೀಗ ಹಾಕ್ಕೊಳೋ," ಎಂದು ಅವನ ತಲೆಗೆ ಮೊಟಕಿದಳು ಅವನ ಅಕ್ಕ. ಅಕ್ಕ ಹೊಲಿಗೆಯವಳು, ಇವಳ ಬಾಲ್ಯದ ಗೆಳತಿ. "ನನ್ನ ತಮ್ಮ ಕಣೇ. ಲಿಫ್ಟ್ ರಿಪೇರಿ ಮಾಡ್ತಾನೆ. ದಿನವಿಡೀ ಕತ್ತಲ ಗುಂಡಿಯಲ್ಲಿರ್ತಾನೆ, ಹೊರಗೆ ಬಂದ್ರೆ ಬಾಯಿ ನಿಲ್ಲಲ್ಲ."

ಗೆಳತಿ, ಅವಳ ಗಂಡ, ಅವಳ ತಮ್ಮ, ಮತ್ತೆ ಇವಳು. ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಕಡಲ ದಂಡೆಯುದ್ದಕ್ಕೂ ಊರಿಂದೂರಿಗೆ ಅಲೆಯುವುದು, ಅಷ್ಟೇ ಯೋಜನೆ. ಗೆಳತಿಯ ಗಂಡ ಒಂದು ನಿಯಮ ಮಾಡಿದ್ದ. ಯಾರೂ ತಮ್ಮ ಬ್ಯಾಗು ತಾವು ಹೊರುವಂತಿಲ್ಲ. ಬೆಳಿಗ್ಗೆ ಚೀಟಿ ಎತ್ತಬೇಕು, ಯಾರದು ಬಂತೋ ಅವರ ಬ್ಯಾಗು ಹೊರಬೇಕು.

"ನಮ್ಮ ಸಾಮಾನು ನಾವು ಬಿಸಾಕಲ್ಲ. ಹೊತ್ತವನು ಬೈದ್ರೆ ಮರುದಿನವೇ ಅರ್ಧ ಕಮ್ಮಿಯಾಗುತ್ತೆ," ಎಂಬುದು ಅವನ ವಾದ. ಇವಳ ಬಸ್ಸು ಬರುವ ಮೊದಲೇ ಅಂದಿನ ಚೀಟಿ ಎತ್ತಿ ಮುಗಿಸಿದ್ದರು.

ಮುಂದಿನ ಊರಲ್ಲೂ ಅವಳ ಬ್ಯಾಗು ಅವನ ಬೆನ್ನಿಗೇ ಬಂತು. ಅದರ ಮುಂದಿನ ಊರಲ್ಲೂ. ಅವನು ಭಾವನ ಜೊತೆ ಚೀಟಿ ಅದಲುಬದಲು ಮಾಡಿಕೊಳ್ಳುವುದನ್ನು ಅವಳು ಕಂಡಿದ್ದಳು. ಕಂಡೂ ಕಾಣದವಳಂತಿದ್ದಳು.

ಇಷ್ಟವಾಗಿದ್ದ, ಅದಕ್ಕೆ! ಅದರಲ್ಲೇನು ತಪ್ಪು?

ಅವಳಿಗೆ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ. ಅವನು ದಿನಾ ಕಾಡುತ್ತಿದ್ದ.

"ನನ್ನೊಳಗೆ ಏನಿದೆ ನೋಡಿ ಹೇಳ್ರೀ."

"ಮೂಳೆ."

"ತಲೆಯೊಳಗೆ?"

"ಅಲ್ಲೂ ಮೂಳೆನೇ ಇರ್ಬೇಕು!"

ಎಷ್ಟು ಕಾಲದ ಮೇಲೆ ಅವಳು ಹಾಗೆ ನಕ್ಕಿದ್ದಳೋ... ಆ ನಗುವೇ ಅವಳನ್ನು ಹೆದರಿಸಿತು. ಮುಚ್ಚಿಟ್ಟು ಬೆಳೆಸಿದ ಪ್ರೀತಿ ಬೇಡ. ವಿಷಯ ತಿಳಿದ ಮೇಲೂ ಇವನು ಹೀಗೇ ನೋಡುತ್ತಾನೋ ಇಲ್ಲವೋ, ಅದು ಈಗಲೇ ಗೊತ್ತಾಗಿಬಿಡಲಿ.

ಸೂರ್ಯ ಮುಳುಗುವ ಹೊತ್ತಿಗೆ, ಮರಳಿನ ಮೇಲೆ ಕೂತು ಹೇಳಿಬಿಟ್ಟಳು.

"ನನಗೆ ಮದುವೆ ಆಗಿತ್ತು. ಬಿಟ್ಟು ಬಂದೆ."

ಅವನು ತಿರುಗಿದ.

"ಹೊಡೀತಿರ್ಲಿಲ್ಲ, ಬಡೀತಿರ್ಲಿಲ್ಲ. 'ನೀನು ಸುಮ್ನಿರು, ನಾನು ನೋಡ್ಕೋತೀನಿ' ಅಂತಿದ್ದ. ನನ್ನ ಫೋನು ಅವನೇ ನೋಡ್ಕೊಂಡ. ಮನೆ ಬೀಗದಕೈ ಅವನೇ ನೋಡ್ಕೊಂಡ. ಯಾರ ಹತ್ರ ಮಾತಾಡ್ಬೇಕು ಅನ್ನೋದೂ ಅವನದೇ ಲೆಕ್ಕ. ಬೀದಿಯಲ್ಲಿ ನಡೆಯೋವಾಗ ನನ್ನ ಕೈಚೀಲ ಕೂಡ ನನ್ನ ಕೈಲಿ ಇರ್ತಿರ್ಲಿಲ್ಲ."

ಅವನ ಮುಖ ಕಪ್ಪಿಟ್ಟಿತು. ಸ್ವಲ್ಪ ಹೊತ್ತು ಮರಳು ಕೆದಕಿದ. ಆಮೇಲೆ, "ನಾಳೆ ಬೇಗ ಏಳ್ಬೇಕಲ್ವಾ..." ಎಂದು ಎದ್ದುಹೋದ.

ಅಷ್ಟೇನಾ?

ಬೆಳಿಗ್ಗೆ ಲಾಡ್ಜಿನ ಓಣಿಯಲ್ಲಿ ಒದ್ದೆ ಟವೆಲ್ಲು, ಮರಳು ಮೆತ್ತಿದ ಚಪ್ಪಲಿಗಳ ನಡುವೆ ಚೀಟಿ ಎತ್ತಿದರು. ಅದಲುಬದಲಿಲ್ಲದೆಯೇ ಅವಳ ಚೀಟಿ ಅವನಿಗೆ ಬಂತು. ಅವನು ಬ್ಯಾಗು ಎತ್ತಿದ. ನಿಂತ. ತಂದು ಅವಳ ಕಾಲ ಬಳಿ ಕೆಳಗಿಟ್ಟ.

"ಇದನ್ನ ನಾನು ಹೊರಲ್ಲ ಭಾವ. ಅವರೇ ಹೊತ್ಕೊಳ್ಳಲಿ."

ಅವಳು ಬ್ಯಾಗಿನ ಪಟ್ಟಿ ಹಿಡಿದೆಳೆದಳು.

"ಗೊತ್ತಾಯ್ತು ಬಿಡಿ! ಗಂಡನ್ನ ಬಿಟ್ಟವಳ ಬ್ಯಾಗು ನಿಮ್ಮ ಬೆನ್ನಿಗೆ ಹೇಸಿಗೆ ಆಯ್ತಲ್ಲ! ರಾತ್ರಿ ಕಳೆಯೋದ್ರೊಳಗೆ ಇಷ್ಟು ಭಾರ ಆಗ್ಹೋಯ್ತಾ?"

"ಅಯ್ಯೋ, ಹಾಗಲ್ಲ..."

"ಮುಚ್ಚಿ ಬಾಯಿ!"

ಗೆಳತಿ ಕೈ ಹಿಡಿದಳು. ಕೊಡವಿಕೊಂಡು, ಬ್ಯಾಗು ಹೆಗಲಿಗೆ ಹಾಕಿ ನಡೆದೇಬಿಟ್ಟಳು. ಮನೆಗೆ ಹೋಗಬೇಕು. ಮತ್ತೆ ಯಾವ ಗಂಡಸಿನ ಮುಂದೆಯೂ ಬಾಯಿ ಬಿಡಬಾರದು!

ಊರಿನ ಬಸ್ಸು ಸಿಗುವುದು ಹೊಳೆಯಾಚೆ. ದೋಣಿಕಟ್ಟೆಯಲ್ಲಿ ಪ್ರಯಾಣಿಕರು ದೋಣಿ ಹತ್ತುತ್ತಿದ್ದರು. ಅವನು ಏದುಸಿರು ಬಿಡುತ್ತಾ ಓಡಿಬಂದ.

"ಒಂದೇ ಮಾತು. ಕೇಳಿ, ಆಮೇಲೆ ಹೋಗಿ."

"ಬೊಗಳಿ."

"ನಿನ್ನೆ ನೀವು ಅವನ ಬಗ್ಗೆ ಹೇಳ್ತಾ ಹೋದ್ರಿ, ನನಗೆ ನಾನೇ ಕಂಡೆ ರೀ. ದಿನಾ ಚೀಟಿ ಬದಲಾಯಿಸಿ ನಿಮ್ಮ ಬ್ಯಾಗು ಹೊತ್ತೆ. ಒಂದು ದಿನಾನೂ ನಿಮ್ಮನ್ನ ಕೇಳ್ಲಿಲ್ಲ. ನಾನೂ ಅವನ ಜಾತಿನೇ ಅಂತ ಭಯ ಆಯ್ತು. ಅದಕ್ಕೇ ಕೆಳಗಿಟ್ಟೆ. ಹೇಸಿಗೆಯಿಂದ ಅಲ್ಲ... ಆಣೆಗೂ ಅಲ್ಲ!"

ಅವಳು ಕರಗಲಿಲ್ಲ. ಸಿಟ್ಟು ಇನ್ನೂ ಹೆಚ್ಚಾಯಿತು.

"ಈ ಮಾತು ಬೆಳಿಗ್ಗೆ ಹೇಳೋಕೆ ನಾಲಿಗೆ ಇರ್ಲಿಲ್ವಾ?"

"ಎಲ್ಲರ ಮುಂದೆ ಹೇಗೆ ಹೇಳ್ಲಿ..."

"ಎಲ್ಲರ ಮುಂದೆ ಕೆಳಗಿಡೋಕೆ ಆಯ್ತು! ಎತ್ತಿದ್ದೂ ನಿಮ್ಮ ತೀರ್ಮಾನ, ಇಳಿಸಿದ್ದೂ ನಿಮ್ಮ ತೀರ್ಮಾನ. ನಾನು ಪಕ್ಕದಲ್ಲೇ ನಿಂತಿದ್ದೆ. ಕಲ್ಲಾ ನಾನು?"

ಅವನು ತಲೆ ತಗ್ಗಿಸಿದ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ದೋಣಿಯ ಎಂಜಿನ್ ಗುಡುಗಿತು. ಹಗ್ಗ ಬಿಚ್ಚುತ್ತಿದ್ದ ದೋಣಿಯವನು ಹತ್ತುತ್ತೀರಾ ಎಂಬಂತೆ ಅವಳತ್ತ ನೋಡಿದ.

"ತಪ್ಪಾಯ್ತು," ಎಂದ ಗೆಳತಿಯ ತಮ್ಮ. "ನನಗೆ ನೀವಂದ್ರೆ ತುಂಬಾ ಇಷ್ಟ. ಇರಿ ಅಂತ ಹೇಳಲ್ಲ, ಹೋಗಿ ಅಂತಾನೂ ಹೇಳಲ್ಲ. ಕೇಳ್ತಾ ಇದ್ದೀನಿ... ಇರ್ತೀರಾ?"

ಅವಳು ದೋಣಿಯವನಿಗೆ ಬೇಡವೆಂದು ಕೈಯಾಡಿಸಿ, ಕಟ್ಟೆಯ ಕಲ್ಲಿನ ಮೇಲೆ ಕುಸಿದು ಕೂತಳು. ದೋಣಿ ಹೊರಟಿತು.

"ನಂಬಿದೆ ಅಂದ್ಕೋಬೇಡಿ. ನಂಬಿಲ್ಲ."

"ಮುಂದೆ ನಂಬ್ತೀರಾ?"

"ಗೊತ್ತಿಲ್ಲ. ಇಷ್ಟ ಮಾತ್ರ ಹೋಗ್ಲಿಲ್ಲ. ಅದೇ ದರಿದ್ರ!"

ಅವನು ಹತ್ತಿರ ಬಂದ. ಅಲ್ಲೇ ನಿಂತ.

"ಪಕ್ಕದಲ್ಲಿ ಕೂತ್ಕೊಳ್ಳಲಾ?"

ಅವಳು ಬೇಕೆಂದೇ ತಡಮಾಡಿದಳು. ಬಿಸಿಲಲ್ಲಿ ನಿಂತವನ ಬೆವರು ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಕೂತ್ಕೊಳ್ಳಿ," ಎಂದಳು ಕೊನೆಗೆ. "ಮಾತಾಡ್ಬೇಡಿ. ಅಳು ಬರ್ತಿದೆ..."