ಯಾಳಿಬೀಗ ತೆರೆದ ತಿಪ್ಪಕ್ಕ

ಬಹಳ ಬಹಳ ಹಿಂದೆ, ಬೀಗಗಳಿಗೂ ಜೀವವಿದ್ದ ಕಾಲದಲ್ಲಿ, ಕಂಚಿನಗಿರಿ ಎಂಬ ರಾಜ್ಯವಿತ್ತು. ಅಲ್ಲಿ ತಿಪ್ಪಕ್ಕ ಎಂಬ ಹೆಂಗಸಿದ್ದಳು. ಬೀಗದ ಕೈ ಕಳೆದುಕೊಂಡವರೆಲ್ಲ ಅವಳ ಮನೆಗೇ ಓಡುತ್ತಿದ್ದರು. ಒಮ್ಮೆ ರಾಜರೂ ಓಡಿ ಬಂದಿದ್ದರಂತೆ, ಅದು ಬೇರೆ ಕತೆ. ತನ್ನ ಕೈಗೆ ಬಗ್ಗದ ಬೀಗ ಇನ್ನೂ ಹುಟ್ಟಿಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಒಂದು ಮುಂಜಾನೆ ಅವಳ ಮಗಳು ನೀಲಿಗೆ ಹೆರಿಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿತ್ತು. ಅಂಥ ಮಗುವನ್ನು ಹೊರಗೆ ತರಬಲ್ಲವಳು ರಾಜ್ಯಕ್ಕೆಲ್ಲ ಒಬ್ಬಳೇ, ಸೂಲಗಿತ್ತಿ ಹೊನ್ನಜ್ಜಿ. ಆದರೆ ಹಿಂದಿನ ದಿನವೇ ಮಾಂತ್ರಿಕ ಉಗ್ರಾಕ್ಷ ಅವಳನ್ನು ಮಲಗಿದ್ದಲ್ಲಿಂದಲೇ ಎತ್ತಿ ತಂದು ತನ್ನ ಕಬ್ಬಿಣದ ಗೋಪುರದಲ್ಲಿ ಕೂಡಿಹಾಕಿದ್ದ. ಅವನ ತಾಯಿಗೆ ಹೆರಿಗೆ ಮಾಡಿಸಿದವಳೂ ಅವಳೇ. ತಾಯಿ ಅವನ ಕಿವಿಯಲ್ಲಿ ಉಸುರಿದ ಹುಟ್ಟುಹೆಸರು ಅವಳೊಬ್ಬಳಿಗೇ ಗೊತ್ತಿತ್ತು. ಎದುರು ನಿಂತು ಆ ಹೆಸರಿನಿಂದ ಕರೆದರೆ ಅವನ ಮಾಯೆಯೆಲ್ಲ ಕರಗಿಹೋಗುತ್ತಿತ್ತು. ಅದಕ್ಕೇ ಅವನಿಗೆ ಅಷ್ಟು ಭಯ.

ಸಂಜೆಯೊಳಗೆ ಅಜ್ಜಿ ಬಾರದಿದ್ದರೆ ನೀಲಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ. ತಿಪ್ಪಕ್ಕ ಎರಡು ಕಂಬಿ, ಒಂದು ಕುಡಿಕೆ ಎಣ್ಣೆ ಹಿಡಿದು ಗೋಪುರಕ್ಕೆ ನಡೆದಳು.

ಮೊದಲ ಬಾಗಿಲಿಗೆ ಆಮೆಬೀಗ. ಅಜ್ಜಿಯನ್ನು ಬಿಡಿಸಲು ಬಂದಿದ್ದ ರಾಜಭಟರು ಅದನ್ನು ಸುತ್ತಿಗೆಯಿಂದ ಬಡಿದು ಬಡಿದು ಸುಸ್ತಾಗಿದ್ದರು. ಬಡಿದಷ್ಟೂ ಅದು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳುತ್ತಿತ್ತು. ತಿಪ್ಪಕ್ಕ ಅದರ ಕುತ್ತಿಗೆಗೆ ಎಣ್ಣೆ ಬಿಟ್ಟು ಸುಮ್ಮನೆ ಕುಳಿತಳು. ತುಕ್ಕು ಕರಗಿತು, ಆಮೆ ತಲೆ ಚಾಚಿತು, ಬೀಗ ತೆರೆಯಿತು.

ಎರಡನೆಯದಕ್ಕೆ ಚೇಳುಬೀಗ. ಕೈ ಭಾರವಾದರೆ ಕುಟುಕುತ್ತಿತ್ತು. ಅದರ ಹೊಟ್ಟೆಯಲ್ಲಿ ಸಾಲಾಗಿ ಐದು ಮೊಳೆಗಳು. ಒಂದೊಂದನ್ನೂ ಅದರದರ ಎತ್ತರಕ್ಕೆ ಎತ್ತುವುದೇ ಬೀಗದ ಕೈಯ ಕೆಲಸ. ತಿಪ್ಪಕ್ಕ ಬಾಗಿದ ಕಂಬಿಯಿಂದ ಬೀಗವನ್ನು ಹಾಲಿನ ಕೆನೆ ಹರಿಯದಷ್ಟು ಹಗುರವಾಗಿ ತಿರುಗಿಸಿ ಹಿಡಿದಳು. ಇನ್ನೊಂದು ಕಂಬಿಯಿಂದ ಮೊಳೆಗಳನ್ನು ಮುಟ್ಟಿ ನೋಡಿದಳು. ಯಾವುದು ಬಿಗಿಯಾಗಿತ್ತೋ ಅದನ್ನು ಮೊದಲು ಎತ್ತಿದಳು. ಟಿಕ್ ಎಂದಿತು. ಆಮೇಲೆ ಮತ್ತೊಂದು, ಮಗದೊಂದು. ಐದೂ ಟಿಕ್ ಎಂದಾಗ ಚೇಳು ಬಾಲ ಸುತ್ತಿಕೊಂಡು ಮಲಗಿತು.

ಮೂರನೆಯದಕ್ಕೆ ಯಾಳಿಬೀಗ, ಸಿಂಹದ ಮೈ, ಆನೆಯ ಸೊಂಡಿಲು. ಆಗಲೇ ಹೊತ್ತು ಇಳಿದಿತ್ತು. ಏಳು ಮೊಳೆಗಳೂ ಟಿಕ್ ಎಂದವು. ಬೀಗ ಅಕ್ಕಿಕಾಳಿನಷ್ಟು ತಿರುಗಿ ನಿಂತುಬಿಟ್ಟಿತು. ತಿಪ್ಪಕ್ಕ ನೂಕಿದಳು. ಯಾಳಿ ಹಲ್ಲು ಕಚ್ಚಿ ನಕ್ಕಿತು. ಹಿಡಿದದ್ದನ್ನು ಬಿಡುವುದು ಅವಳ ಜಾಯಮಾನವೇ ಅಲ್ಲ, ಇನ್ನೂ ನೂಕಿದಳು. ಕೊನೆಗೆ ಮಗಳ ಮುಖ ನೆನಪಾಗಿ ಜೀವನದಲ್ಲಿ ಮೊದಲ ಸಲ ಅವಳು ಕೈ ನಿಲ್ಲಿಸಿದಳು.

"ಯಾಕವ್ವ, ಕೈ ನಿಂತಿತು?" ಒಳಗಿನಿಂದ ಹೊನ್ನಜ್ಜಿ ಕೇಳಿದಳು.

"ಅರ್ಧಕ್ಕೇ ಕಚ್ಚಿಕೊಂಡೈತೆ ಅಜ್ಜಿ. ನೂಕಿದಷ್ಟೂ ಬಿಗಿ ಆಗ್ತೈತೆ. ಅಲ್ಲಿ ನನ್ನ ನೀಲಿಗೆ ಕೂಸು ಅಡ್ಡ ತಿರುಗೈತೆ."

"ನೂಕಬ್ಯಾಡ. ಸಿಕ್ಕಿಕೊಂಡ ಕೂಸನ್ನ ನಾನು ಎಳೀತೀನಾ? ಒಂಚೂರು ಹಿಂದಕ್ಕೆ ಬಿಡ್ತೀನಿ, ಆಗ ಅದು ದಾರಿಗೆ ತಿರುಗ್ತೈತೆ. ಬಿಟ್ಟು ಹಿಡಿ ತಾಯಿ."

ತಿಪ್ಪಕ್ಕ ಉಸಿರು ಬಿಟ್ಟು ಕಂಬಿಯನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಎರಡು ಮೊಳೆಗಳು ಜಾರಿ ಬಿದ್ದವು. ತಮ್ಮ ಎತ್ತರಕ್ಕೆ ಏರದೆಯೇ ಸುಳ್ಳು ಟಿಕ್ ಹೇಳಿದ್ದವು ಆ ಎರಡೇ. ಅವನ್ನು ಮತ್ತೆ ಮೆಲ್ಲಗೆ ಎತ್ತಿದಳು. ಯಾಳಿ ಆಕಳಿಸಿ ಬಾಯಿ ತೆರೆಯಿತು.

ಸದ್ದು ಕೇಳಿ ಉಗ್ರಾಕ್ಷ ಗಾಳಿಯಲ್ಲಿ ಹಾರಿ ಬಂದ. ಹೊನ್ನಜ್ಜಿ ಹೊಸ್ತಿಲ ಮೇಲೆ ನಿಂತು ಅವನನ್ನೇ ನೋಡಿ, "ಮುದ್ದಪ್ಪಾ, ಬಾರೋ ಇಲ್ಲಿ" ಎಂದಳು.

ಅವನು ಕುಗ್ಗಿದ, ಕುಗ್ಗಿದ, ನಿಲುವಂಗಿಯ ನಡುವೆ ಅಳುವ ಹಸುಗೂಸಾದ. ಅಜ್ಜಿ ಅವನನ್ನು ಅದೇ ನಿಲುವಂಗಿಯಲ್ಲಿ ಸುತ್ತಿ ತಿಪ್ಪಕ್ಕನ ಕಂಕುಳಿಗೆ ಕೊಟ್ಟು, ಹೊತ್ತಾಯಿತು ನಡಿ ಎಂದಳು.

ದೀಪ ಹಚ್ಚುವ ಮೊದಲೇ ನೀಲಿ ಹೆಣ್ಣುಮಗು ಹೆತ್ತಳು. ಒಂದೇ ತೊಟ್ಟಿಲಲ್ಲಿ ಎರಡು ಕೂಸುಗಳು ಬೆಳೆದವು. ಮುದ್ದಪ್ಪ ಈ ಸಲ ಬೀಗ ಮಾಡುವವನಾದ. ಪ್ರತಿ ಬೀಗಕ್ಕೂ ಎರಡು ಕೈ ಮಾಡಿ, ಒಂದನ್ನು ಬಾಗಿಲ ಒಳಗಿರುವವರಿಗೇ ಕೊಡುತ್ತಿದ್ದನಂತೆ. ಕಂಚಿನಗಿರಿಯಲ್ಲಿ ಎಲ್ಲರೂ ಸುಖವಾಗಿದ್ದರು. ತಿಪ್ಪಕ್ಕನಿಗೆ ಕೆಲಸ ಕಡಿಮೆಯಾಯಿತು, ಅಷ್ಟೆ.